ಅಹವಾಲು ಹೇಳಿ ಬಂದರೆ ಚರ್ಚೆ ಆದಂತೆಯೇ?

ಪ್ರಶ್ನೆ: ಮಂಗಳೂರಿನ ನಮ್ಮ ವಾರ್ಡ್ ಸಮಿತಿ ಸಭೆಗೆ ಎರಡು ಸಲ ಹೋಗಿದ್ದೇನೆ. ದಾರಿದೀಪ, ನೀರಿನ ಪೈಪಿನ ದೂರುಗಳನ್ನು ಬರೆದುಕೊಳ್ಳುತ್ತಾರೆ. ರಾಜಕಾಲುವೆಯಂಥ ದೊಡ್ಡ ಕಾಮಗಾರಿಯ ತೀರ್ಮಾನ ಮಾತ್ರ ಮೊದಲೇ ಆಗಿರುತ್ತದೆ. ಜನರ ಚರ್ಚೆಯಿಂದ ನಿರ್ಧಾರ ರೂಪುಗೊಳ್ಳಬೇಕು ಎನ್ನುವುದು ಇದನ್ನೇಯೇ? ತಾಂತ್ರಿಕ ವಿಷಯಗಳು ನಮ್ಮಂಥ ಸಾಮಾನ್ಯರಿಗೆ ಅರ್ಥವಾಗುತ್ತವೆಯೇ?
– ಬಿಜೈ ಪರಿಸರದ ಓದುಗರು

ಉತ್ತರ: ನೀವು ಕಂಡದ್ದು ಅಹವಾಲು ಸ್ವೀಕಾರ. ಅದೂ ಬೇಕಾದದ್ದೇ, ಆದರೆ ಚರ್ಚೆ ಬೇರೆ. ಆಯ್ಕೆಗಳು ಇನ್ನೂ ತೆರೆದಿರುವಾಗಲೇ ಜನರ ಮುಂದೆ ಬಂದು, ಒಬ್ಬರ ಮಾತು ಕೇಳಿದ ಮೇಲೆ ಇನ್ನೊಬ್ಬರ ಅಭಿಪ್ರಾಯ, ಅಧಿಕಾರಿಗಳದ್ದೂ ಸೇರಿ, ಬದಲಾಗಲು ಎಡೆಯಿದ್ದರೆ ಮಾತ್ರ ಅದನ್ನು ಚರ್ಚೆ ಎನ್ನಬಹುದು. ಅಂದಾಜು ಪಟ್ಟಿ ಸಿದ್ಧವಾಗಿ ಟೆಂಡರ್ ಕರೆದ ಮೇಲೆ ಸಭೆ ಸೇರಿಸಿದರೆ ಜನರಿಗೆ ಉಳಿಯುವುದು ಸಹಿ ಹಾಕುವ ಕೆಲಸವಷ್ಟೆ.

ಸಾಮಾನ್ಯರಿಗೆ ಅರ್ಥವಾಗುತ್ತದೆಯೇ ಎಂಬ ನಿಮ್ಮ ಸಂಕೋಚಕ್ಕೆ ನಾನು ಕಣ್ಣಾರೆ ಕಂಡ ಒಂದು ಸಭೆಯೇ ಉತ್ತರ. ಚರಂಡಿಯ ಮೇಲೆ ಉದ್ದಕ್ಕೂ ಕಾಂಕ್ರೀಟ್ ಚಪ್ಪಡಿ ಹಾಸುವ ಪ್ರಸ್ತಾವಕ್ಕೆ ಎಲ್ಲರೂ ಒಪ್ಪಿಯಾಗಿತ್ತು. ತಗ್ಗಿನ ಕಡೆಯ ಮನೆಯ ಹಿರಿಯ ಮಹಿಳೆಯೊಬ್ಬರು ಬಾಗಿಲ ಬಳಿ ನಿಂತು ಪಕ್ಕದವರಲ್ಲಿ ತುಳುವಿನಲ್ಲಿ ಏನೋ ಹೇಳುತ್ತಿದ್ದರು. ಒಳಗೆ ಕರೆದು ಕೇಳಿದಾಗ, ಚಪ್ಪಡಿ ಮುಚ್ಚಿದರೆ ಹೂಳು ತೆಗೆಯಲಾಗದು, ಮೊದಲ ದೊಡ್ಡ ಮಳೆಗೇ ನೀರು ತಮ್ಮ ಅಡುಗೆಮನೆಗೆ ಬರುತ್ತದೆ ಎಂದರು. ಎಂಜಿನಿಯರ್ ನಕ್ಷೆಯನ್ನು ಮತ್ತೊಮ್ಮೆ ಬಿಡಿಸಿ ನೋಡಿದರು, ಅಲ್ಲಲ್ಲಿ ತೆಗೆಯಬಹುದಾದ ಕಬ್ಬಿಣದ ಜಾಲರಿ ಇಡಲು ಒಪ್ಪಿದರು. ನೀರು ಯಾವ ಮನೆಯ ಕಡೆಗೆ ತಿರುಗುತ್ತದೆ ಎಂಬುದು ಅಲ್ಲಿ ವಾಸಿಸುವವರಿಗೆ ಗೊತ್ತಿರುವಷ್ಟು ಕಡತಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ನಮ್ಮ ಊರಿನ ಸಭೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಿಗೆ ಅವಕಾಶವಿರಲೇಬೇಕು. ನಡಾವಳಿಯನ್ನು ಕನ್ನಡದಲ್ಲಿ ಬರೆದುಕೊಂಡರಾಯಿತು.

ಸಭೆಗೆ ಬಾರದವರ ಪಾಡೇನು ಎಂಬುದನ್ನೂ ಯೋಚಿಸಬೇಕು. ಇಡೀ ನಗರದ ಕಸ ಪಚ್ಚನಾಡಿಯಲ್ಲಿ ರಾಶಿಯಾಯಿತು. 2019ರ ಆಗಸ್ಟ್ ಮಳೆಗೆ ಆ ರಾಶಿ ಜಾರಿದಾಗ ಮನೆ ತೋಟ ಕಳೆದುಕೊಂಡವರು ಅದರ ತಗ್ಗಿನಲ್ಲಿದ್ದ ಮಂದಾರದ ಜನ. ನಿರ್ಧಾರದ ಭಾರ ಹೊರುವವರು ನಿರ್ಧರಿಸುವ ಜಾಗದಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಬೇರೆ ಉದಾಹರಣೆ ಬೇಡ. ಐರ್ಲೆಂಡಿನಲ್ಲಿ 2016ರಲ್ಲಿ ರಚನೆಯಾದ ನಾಗರಿಕರ ಸಭೆಗೆ 99 ಮಂದಿ ಸಾಮಾನ್ಯರನ್ನು ಯಾದೃಚ್ಛಿಕವಾಗಿ ಆರಿಸಿದ್ದು ಇದೇ ಕಾರಣಕ್ಕೆ: ದನಿ ದೊಡ್ಡದಿರುವವರೇ ಸಭೆ ತುಂಬಬಾರದು. ಗರ್ಭಪಾತದಂಥ ಸೂಕ್ಷ್ಮ ವಿಷಯದ ಬಗ್ಗೆ ಅವರು ಐದು ವಾರಾಂತ್ಯ ತಜ್ಞರ ಮಾತು ಕೇಳಿ, ತಮ್ಮೊಳಗೆ ಚರ್ಚಿಸಿ ಶಿಫಾರಸು ಕೊಟ್ಟರು. 2018ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮತದಾರರು ಗರ್ಭಪಾತಕ್ಕೆ ಸಂವಿಧಾನದಲ್ಲಿದ್ದ ತಡೆಯನ್ನು ತೆಗೆಯಲು ಒಪ್ಪಿಗೆ ನೀಡಿದರು.

ನಮ್ಮಲ್ಲಿ ಕಾನೂನಿನ ಬಲ ಕಡಿಮೆಯೇನಿಲ್ಲ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. ಕರ್ನಾಟಕದ ಪೌರ ನಿಗಮಗಳ ಕಾಯ್ದೆಯಂತೆ ಕಾರ್ಪೊರೇಟರ್ ಅಧ್ಯಕ್ಷತೆಯ ಈ ಸಮಿತಿಯಲ್ಲಿ ಹತ್ತು ನಾಮನಿರ್ದೇಶಿತ ಸದಸ್ಯರಿದ್ದು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರಿರಬೇಕು. ವಾರ್ಡ್ ಅಭಿವೃದ್ಧಿ ಯೋಜನೆ ತಯಾರಿಸುವುದೂ ಸಮಿತಿಯ ಕೆಲಸವೇ. ನೀವು ಹಿಡಿಯಬೇಕಾದ ಎಳೆ ಇದು.

ಮುಂದಿನ ಸಭೆಯಲ್ಲಿ ದೂರು ಹೇಳುವ ಮೊದಲು, ವಾರ್ಡ್ ಅಭಿವೃದ್ಧಿ ಯೋಜನೆಯ ಕರಡು ಎಲ್ಲಿದೆ ಎಂದು ಕೇಳಿ. ರಾಜಕಾಲುವೆಯ ನಕ್ಷೆ ಮತ್ತು ಅಂದಾಜು ಪಟ್ಟಿಯನ್ನು ಸಭೆಗೆ ಒಂದು ವಾರ ಮುಂಚೆ ಕೊಡಬೇಕೆಂದು ಲಿಖಿತವಾಗಿ ಒತ್ತಾಯಿಸಿ, ಆ ಮನವಿ ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ; 30 ದಿನಗಳೊಳಗೆ ಉತ್ತರ ಬರಬೇಕು. ಹೋಗುವಾಗ ಕಾಲುವೆಯ ತಗ್ಗಿನ ಕಡೆಯ ಮನೆಗಳಿಂದ ಒಬ್ಬಿಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.