ಮಳೆಗಾಲದ ಕಚೇರಿಯಲ್ಲಿ ಹೆಡ್‌ಶಾಟ್: ಒಳ್ಳೆಯ ಕಿಟಕಿ ಹುಡುಕಿ

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮದು ಕಾಫಿ ವಹಿವಾಟಿನ ಸಣ್ಣ ಕಚೇರಿ. ವೆಬ್‌ಸೈಟ್‌ಗೆ 14 ಜನರ ಹೆಡ್‌ಶಾಟ್, ಅಂದರೆ ಮುಖ, ಭುಜ ಕಾಣುವ ಫೋಟೊ ಬೇಕಂತೆ. ಕ್ಯಾಮೆರಾ ಇದೆ ಅಂತ ಕೆಲಸ ನನಗೇ ಬಂತು. ಕಿಟ್ ಲೆನ್ಸ್ ಜೊತೆ ಒಂದು 50 ಎಂಎಂ ಲೆನ್ಸ್ ಇದೆ. ಹೊರಗೆ ಜುಲೈ ಮಳೆ, ಒಳಗೆ ಕತ್ತಲು. ಟ್ಯೂಬ್‌ಲೈಟ್ ಬೆಳಕಲ್ಲಿ ತೆಗೆದರೆ ಎಲ್ಲರೂ ಜ್ವರ ಬಂದು ಎದ್ದವರ ಹಾಗೆ ಕಾಣುತ್ತಾರೆ. ಫ್ಲ್ಯಾಶ್ ಕೊಳ್ಳಬೇಕಾ?

ಉತ್ತರ: ಬೇಡ. ಕ್ಯಾಮೆರಾದ ಮೇಲೆ ಕೂರಿಸಿದ ಫ್ಲ್ಯಾಶ್ ನೇರವಾಗಿ ಮುಖಕ್ಕೆ ಹೊಡೆದರೆ ಹಣೆ, ಮೂಗು ಹೊಳೆಯುತ್ತವೆ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಬೀಳುತ್ತದೆ. ಬಿಳಿ ಸೀಲಿಂಗ್ ಇದ್ದರೆ ಅದಕ್ಕೆ ಹೊಡೆದು ಬೆಳಕನ್ನು ಕೆಳಗಿಳಿಸಬಹುದು. ಆದರೆ ನಮ್ಮ ಕಡೆಯ ಹಳೆ ಕಟ್ಟಡಗಳಲ್ಲಿ ತಲೆ ಮೇಲಿರುವುದು ಹೆಂಚು, ಮರದ ತೊಲೆ. ಅಲ್ಲಿಂದ ವಾಪಸ್ ಬರುವ ಬೆಳಕು ಕಂದು ಬಣ್ಣದ್ದು.

ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆಯದು ಆಗಲೇ ಇದೆ. ಮಳೆಗಾಲದ ಮೋಡ. ಇಡೀ ಆಕಾಶ ಒಂದೇ ಬೆಳ್ಳನೆಯ ಪರದೆಯಾಗಿ ಬೆಳಕನ್ನು ಎಲ್ಲ ಕಡೆಯಿಂದ ಮೆತ್ತಗೆ ಹರಡುತ್ತದೆ. ಸ್ಟುಡಿಯೊದವರು ದುಡ್ಡು ಕೊಟ್ಟು ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಪೆಟ್ಟಿಗೆ) ತರುವುದು ಈ ಬೆಳಕಿಗಾಗಿಯೇ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಮೊದಲು ಕಿಟಕಿ ಆರಿಸಿ. ಪುಸ್ತಕಗಳಲ್ಲಿ ಉತ್ತರದ ಕಿಟಕಿ ಅಂತ ಬರೆದಿರುತ್ತದೆ, ಅಲ್ಲಿ ಬಿಸಿಲು ಬೀಳುವುದಿಲ್ಲ ಅಂತ. ಅದು ದೂರದ ಉತ್ತರ ದೇಶಗಳ ಮಾತು. ಕೊಡಗಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಮೋಡ ಮುಚ್ಚಿದ ದಿನ ದಿಕ್ಕಿನ ಚಿಂತೆ ಬೇಡ. ಕಿಟಕಿಯಿಂದ ಆಕಾಶ ಜಾಸ್ತಿ ಕಾಣುತ್ತದಾ, ಹಸಿರು ಜಾಸ್ತಿ ಕಾಣುತ್ತದಾ, ಅದನ್ನು ನೋಡಿ. ಒಮ್ಮೆ ನಾನು ತೋಟದ ನಡುವಿನ ಕಚೇರಿಯೊಂದರಲ್ಲಿ ಇದನ್ನು ಗಮನಿಸದೆ ಅರ್ಧ ದಿನ ಫೋಟೊ ತೆಗೆದೆ. ಕಿಟಕಿಯಾಚೆ ಪೂರ್ತಿ ಸಿಲ್ವರ್ ಓಕ್, ಕಾಫಿ ಗಿಡ. ಎಲ್ಲರ ಕೆನ್ನೆಯ ಮೇಲೂ ಹಸಿರು ಛಾಯೆ. ಎಲ್ಲರನ್ನೂ ಮತ್ತೆ ಕರೆದು ಕೂರಿಸಬೇಕಾಯಿತು.

ಅಲ್ಲಿಂದೀಚೆಗೆ ನಾನು ತಪ್ಪದೆ ಒಂದು ಕೆಲಸ ಮಾಡುತ್ತೇನೆ. ಕೂರುವ ಜಾಗದಲ್ಲಿ ಬಿಳಿ ಎ4 ಹಾಳೆ ಹಿಡಿಸಿ, ಅದರಿಂದ ಕ್ಯಾಮೆರಾದ ಕಸ್ಟಮ್ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಪಡಿಸುವ ಆಯ್ಕೆ) ಹೊಂದಿಸುತ್ತೇನೆ. ಮೋಡ ಬದಲಾದರೆ ಇನ್ನೊಂದು ಸಲ. ಎರಡು ನಿಮಿಷವೂ ಬೇಡ.

ಟ್ಯೂಬ್‌ಲೈಟ್ ಎಲ್ಲ ಆರಿಸಿಬಿಡಿ. ಅದು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಕೆಳಗೆ ಕಪ್ಪು ಮಾಡುತ್ತದೆ. ಇನ್ನೊಂದು ತೊಂದರೆಯೂ ಇದೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ಹಳೆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೂ ಶಟರ್ ವೇಗ ಹೆಚ್ಚಿಸಿದಾಗ ಒಂದು ಫೋಟೊ ಹಳದಿ, ಇನ್ನೊಂದು ಹಸಿರು ಬರುತ್ತದೆ. ನೀವು ಹೇಳಿದ ಜ್ವರದ ಬಣ್ಣ ಬಹುಶಃ ಇದೇ.

ಕಿಟಕಿಯಿಂದ ಮೂರ್ನಾಲ್ಕು ಅಡಿ ದೂರದಲ್ಲಿ ಸ್ಟೂಲ್ ಹಾಕಿ. ಬೆನ್ನಿರುವ ಕುರ್ಚಿ ಬೇಡ, ಜನ ಒರಗಿಬಿಡುತ್ತಾರೆ. ಬೆಳಕು ಮುಖಕ್ಕೆ ಓರೆಯಾಗಿ ಬೀಳಲಿ. ಕತ್ತಲಾಗುವ ಕೆನ್ನೆಯ ಕಡೆ ಒಂದು ಥರ್ಮಾಕೋಲ್ ಶೀಟ್ ನಿಲ್ಲಿಸಿ, ನೆರಳು ತಿಳಿಯಾಗುವುದು ಎದುರಿಗೇ ಕಾಣುತ್ತದೆ. ಹಿಂದಿನ ಗೋಡೆ ಐದಾರು ಅಡಿ ದೂರ ಇರಲಿ. ಫೈಲ್ ಇಟ್ಟ ಕಪಾಟು ಮಸುಕಾಗಿ ಕಂಡರೆ ನನಗೆ ಇಷ್ಟವೇ. ಅದು ನಿಮ್ಮ ಕಚೇರಿ, ಬಿಳಿ ಬಟ್ಟೆ ಕಟ್ಟಿ ಯಾಕೆ ಮುಚ್ಚಬೇಕು?

50 ಎಂಎಂ ಲೆನ್ಸ್ ಹಾಕಿ ಐದಾರು ಅಡಿ ಹಿಂದೆ ನಿಲ್ಲಿ. ಹತ್ತಿರ ಹೋದಷ್ಟೂ ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಕಾಣುತ್ತದೆ. ಲೆನ್ಸ್ ತೆರೆಯುವ ಅಳತೆ (ಅಪರ್ಚರ್) ಎಫ್ 4, ಶಟರ್ ವೇಗ 1/125 ಸೆಕೆಂಡ್, ಬೆಳಕು ಹಿಡಿಯುವ ಸೂಕ್ಷ್ಮತೆ (ಐಎಸ್‌ಒ) 800ರಿಂದ 1600. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಸ್ಟೂಲಿನ ಕಾಲಿಗೂ ನಿಮ್ಮ ಕಾಲಿಗೂ ನೆಲದ ಮೇಲೆ ಟೇಪ್ ಗುರುತು ಹಾಕಿ, 14 ಫೋಟೊಗಳೂ ಒಂದೇ ಅಳತೆಯಲ್ಲಿ ಬರುತ್ತವೆ. ತಲೆಯ ಸುತ್ತ ಸ್ವಲ್ಪ ಜಾಗ ಬಿಡಿ. ವೆಬ್‌ಸೈಟ್‌ನವರು ಗುಂಡಗೆ ಕತ್ತರಿಸುವುದು ಜಾಸ್ತಿ.

ಒಬ್ಬೊಬ್ಬರಿಗೂ ಹತ್ತು ನಿಮಿಷ ಕೊಡಿ. ಮಳೆಯಲ್ಲಿ ಬಂದವರಿಗೆ ಟವೆಲ್, ಬಾಚಣಿಗೆ, ಬಿಸಿ ಕಾಫಿ ಇರಲಿ. ‘ನಗಿ’ ಅಂತ ಹೇಳಬೇಡಿ. ಈ ವರ್ಷ ಮನೆ ಕಡೆ ಮಳೆ ಹೇಗಿದೆ ಅಂತ ಕೇಳಿ. ಕೊಡಗಿನಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲದವರಿಲ್ಲ. ಮಾತು ಮುಗಿಸಿ ಉಸಿರು ಬಿಟ್ಟ ಆ ಕ್ಷಣದಲ್ಲಿ ಮುಖ ಸಡಿಲವಾಗಿರುತ್ತದೆ, ಆಗ ನಾಲ್ಕೈದು ಕ್ಲಿಕ್ ಮಾಡಿ.

ಆಮೇಲೆ ಕಂಪ್ಯೂಟರ್‌ನಲ್ಲಿ ಯಾರನ್ನೂ ಬೆಳ್ಳಗೆ ಮಾಡಬೇಡಿ. ದಯವಿಟ್ಟು. ಮೊಡವೆ ಅಳಿಸಿ, ಅದು ವಾರದಲ್ಲಿ ಹೋಗುವಂಥದ್ದು. ಮಚ್ಚೆ, ಸುಕ್ಕು, ಮೈಬಣ್ಣ ಅವರದ್ದು. ಡ್ರೈವರ್, ಗೋದಾಮು ನೋಡಿಕೊಳ್ಳುವವರು ಆ 14ರಲ್ಲಿ ಇಲ್ಲದಿದ್ದರೆ ಅವರನ್ನೂ ಕೂರಿಸಿ ತೆಗೆಯಿರಿ. ಬೆಳಕು, ಸ್ಟೂಲು ಎಲ್ಲ ಸಿದ್ಧವೇ ಇದೆಯಲ್ಲ.

ಕೆಲಸ ಮುಗಿದ ಮೇಲೆ ಕ್ಯಾಮೆರಾವನ್ನು ತೇವದ ಬ್ಯಾಗಿನಲ್ಲಿ ಬಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಈ ಮೂರು ತಿಂಗಳಲ್ಲಿ ಲೆನ್ಸ್ ಒಳಗೆ ಬೂಷ್ಟು ಹಿಡಿದರೆ ತೆಗೆಸುವುದು ಕಷ್ಟ.

ಪ್ರಶ್ನೆ: ಕೊಡವ ಸೀರೆಯಲ್ಲಿ ಹೆಡ್‌ಶಾಟ್ ತೆಗೆಸಿಕೊಂಡರೆ ಕಚೇರಿಗೆ ಹೊಂದುತ್ತಾ? ಕನ್ನಡಕವೂ ಇದೆ. (ವಿರಾಜಪೇಟೆಯ ಓದುಗರು)

ಉತ್ತರ: ಧಾರಾಳವಾಗಿ ಹೊಂದುತ್ತದೆ. ನೆರಿಗೆ ಹಿಂದೆ ಇರುವುದರಿಂದ ಫೋಟೊದಲ್ಲಿ ಬರುವುದಿಲ್ಲ. ಕಾಣುವುದು ಬಲ ಭುಜದ ಮೇಲೆ ಸೇರುವ ಸೆರಗು. ಹಾಗಾಗಿ ಬಲ ಭುಜ ಕ್ಯಾಮೆರಾಗೆ ಸ್ವಲ್ಪ ಹತ್ತಿರ ಬರುವಂತೆ ಕುಳಿತುಕೊಳ್ಳಿ. ಕಪ್ಪು ಕುಪ್ಯ (ಕೊಡವರ ಉದ್ದ ಕೋಟು) ಹಾಕಿದ ಗಂಡಸರ ಫೋಟೊ ತೆಗೆಯುವಾಗ ಎಕ್ಸ್‌ಪೋಷರ್ ಸ್ವಲ್ಪ ಇಳಿಸಬೇಕು. ಇಲ್ಲದಿದ್ದರೆ ಕ್ಯಾಮೆರಾ ಕಪ್ಪು ಬಟ್ಟೆ ನೋಡಿ ಮುಖವನ್ನು ಜಾಸ್ತಿ ಬೆಳಗಿಸಿಬಿಡುತ್ತದೆ.

ದಿನಾ ಹಾಕುವ ಕನ್ನಡಕ ಫೋಟೊದಲ್ಲೂ ಇರಲಿ. ಗಾಜಿನಲ್ಲಿ ಕಿಟಕಿ ಹೊಳೆದರೆ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿ. ಗಾಜು ಕೆಳಕ್ಕೆ ಬಾಗಿ ಹೊಳಪು ಹೋಗುತ್ತದೆ. ಕಡ್ಡಿ ಎತ್ತಿದ್ದು ಎದುರಿನಿಂದ ಯಾರಿಗೂ ಕಾಣುವುದಿಲ್ಲ.