ದ್ರಾಕ್ಷಿ ಬಳ್ಳಿಯ ಬುಡದಲ್ಲಿ ಹೆಗ್ಗಣ ಬಿಲ ತೋಡಿದೆ, ಎಲೆ ಹಳದಿಯಾಗುತ್ತಿದೆ: ಯಾವ ಪಾಷಾಣ ಇಡಬೇಕು?

ಯಾವುದನ್ನೂ ಇಡಬೇಡಿ. ನಿಮ್ಮ ಬಳ್ಳಿಯನ್ನು ಒಣಗಿಸುತ್ತಿರುವುದು ಹೆಗ್ಗಣವೇ ಎಂಬ ಬಗ್ಗೆ ನನಗೆ ಅನುಮಾನವಿದೆ, ಏಕೆಂದರೆ ಇದೇ ಲೆಕ್ಕಾಚಾರದಿಂದ ನಾನು ಒಂದು ಬಳ್ಳಿಯನ್ನು ಕಳೆದುಕೊಂಡಿದ್ದೇನೆ.

ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿತ್ತಲಲ್ಲಿ ಬೆಂಗಳೂರು ಬ್ಲೂ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದ್ದೆವು. ಒಂದು ಕವಲು ಬಾಡತೊಡಗಿದಾಗ ಬುಡದ ಬಿಲವನ್ನು ಕಂಡು, ಹೆಗ್ಗಣ ಬೇರು ಕಡಿದಿದೆ ಎಂದು ತೀರ್ಮಾನಿಸಿಬಿಟ್ಟೆ. ಬೋನು ಇಟ್ಟೆ, ಬಿಲಕ್ಕೆ ಕೊಡಗಟ್ಟಲೆ ನೀರು ಸುರಿದೆ, ಅದು ರಾತ್ರಿ ಕೆದರಿದ ಮಣ್ಣನ್ನು ಬೆಳಿಗ್ಗೆ ಎದ್ದು ಕಾಂಡಕ್ಕೆ ಏರಿಸಿ ಒತ್ತಿದೆ. ಬಳ್ಳಿಗೆ ಮುಳುವಾದದ್ದು ಈ ಕೊನೆಯ ಕೆಲಸ. ಕಾಂಡ ಕೊರಕದ ಹುಳು ಒಳಗಿನಿಂದ ಹೊರದಬ್ಬುತ್ತಿದ್ದ ಮರದ ಪುಡಿ ಅದೇ ಬುಡದಲ್ಲಿ ಉದುರುತ್ತಿತ್ತು. ಅದನ್ನು ನಾನೇ ದಿನವೂ ಮಣ್ಣಿನಡಿ ಹೂಳುತ್ತಿದ್ದೆ. ಒದ್ದೆಯಾದ ಮೇಲೆ ಪುಡಿಗೂ ಮಣ್ಣಿಗೂ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಆದರೆ ಬೆರಳುಗಳ ನಡುವೆ ತಿಕ್ಕಿದ್ದರೆ ನಾರುನಾರಾಗಿ ಸಿಗುತ್ತಿತ್ತು. ನಾನು ತಿಕ್ಕಿ ನೋಡಲಿಲ್ಲ. ಬಿಲ ಕಣ್ಣೆದುರಿಗೇ ಇದ್ದಾಗ ಬೇರೆ ಕಾರಣವನ್ನು ಹುಡುಕುವ ಯೋಚನೆಯೇ ಬರಲಿಲ್ಲ. ಒಣಗಿದ ಬಳ್ಳಿಯನ್ನು ಗರಗಸದಿಂದ ಕೊಯ್ದಾಗ, ಬೆರಳು ತೂರುವಷ್ಟು ಅಗಲದ ಸುರಂಗದಲ್ಲಿ ಕೆನೆಬಣ್ಣದ ದಪ್ಪ ಹುಳು ಮಲಗಿತ್ತು. ಬೇರುಗಳಿಗೆ ಹಲ್ಲಿನ ಗುರುತೂ ಇರಲಿಲ್ಲ.

ಆದ್ದರಿಂದ ಮೊದಲು ಬುಡದ ಮಣ್ಣನ್ನು ಸರಿಸಿ ಕಾಂಡವನ್ನು ನೋಡಿ. ಈ ಕೊರಕದ ಹುಳುವೇ ಬೆಳೆದು ದುಂಬಿಯಾಗಿ ಮುಂಗಾರಿನ ಹೊತ್ತಿಗೆ ಹೊರಬಂದು ತೊಗಟೆಯಡಿಯಲ್ಲಿ ಮೊಟ್ಟೆಯಿಡುವುದರಿಂದ, ಸಡಿಲವಾದ ತೊಗಟೆಯನ್ನು ಮಳೆಗೆ ಮುಂಚೆಯೇ ಕೈಯಿಂದ ಸುಲಿದು ಸುಟ್ಟುಬಿಡುವುದು ಒಳ್ಳೆಯದು. ರಂಧ್ರ ಸಿಕ್ಕರೆ ತುದಿ ಬಗ್ಗಿಸಿದ ತಂತಿಯಿಂದ ಹುಳುವನ್ನು ಎಳೆದು ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುರುಕಿ, ಜೇಡಿಮಣ್ಣಿನಿಂದ ಮುಚ್ಚಿ.

ಹೆಗ್ಗಣದ ವಿಷಯ ಇಷ್ಟೇ. ಗೊಬ್ಬರವಾಗಲಿ ಎಂದು ಅಡುಗೆಮನೆಯ ಕಸವನ್ನು ಬುಡದಲ್ಲಿ ಹೂಳುತ್ತಿದ್ದರೆ ನಿಲ್ಲಿಸಿ. ಅದನ್ನು ಕರೆಯುವುದು ಆ ಕಸವೇ. ಸಂಜೆ ಬಿಲದ ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಬೆಳಿಗ್ಗೆ ತೆರೆದಿದ್ದರೆ ಮಾತ್ರ ಅಲ್ಲಿ ಬೋನು ಇಡಿ. ಬೀದಿಯ ನಾಯಿ, ಬೆಕ್ಕುಗಳು ಓಡಾಡುವ ಹಿತ್ತಲಲ್ಲಿ ಪಾಷಾಣ ಇಡುವುದನ್ನು ನಾನು ಒಪ್ಪುವುದಿಲ್ಲ.

ಎಲೆಯ ಅಡಿಯಲ್ಲಿ ಬಿಳಿ ಬೂಜು ಕಂಡರೆ ಅದು ಬೂಜು ತುಪ್ಪಟ ರೋಗ, ಕೊರಕದ ಕೆಲಸವಲ್ಲ. ಅದಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಾಕು: ಲೀಟರ್ ದ್ರಾವಣಕ್ಕೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಎರಡನ್ನೂ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆಬೇರೆಯಾಗಿ ಕರಗಿಸಿ ಬೆರೆಸಿ, ಕಬ್ಬಿಣದ ಚಾಕುವನ್ನು ಅದ್ದಿ ನೋಡಿ. ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಿದ ಮೇಲೆಯೇ ಸಿಂಪಡಿಸಿ.