ನೀರೋ ಚಕ್ರವರ್ತಿಯ ಸತ್ತ ಹೆಂಡತಿ, ಮಗಳು ದೇವಿಯರಾಗಿ ಕಾಣುವ ನಾಣ್ಯ ಇದೆಯೇ?

ಇದೆ, ಆದರೆ ಅದು ರೋಮ್ ನಗರದ ಟಂಕಸಾಲೆಯದಲ್ಲ. ಇಂದಿನ ಸಿರಿಯಾ-ಲೆಬನಾನ್ ಗಡಿಯ ಹರ್ಮೋನ್ ಬೆಟ್ಟದ ತಪ್ಪಲಿನ ಸಿಸೇರಿಯಾ ಪನಿಯಾಸ್ ಎಂಬ ಊರಿನ ಪುಟ್ಟ ಕಂಚಿನ ನಾಣ್ಯ. ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಒಂದು ಮುಖದಲ್ಲಿ ಗುಡಿಯೊಳಗೆ ಕುಳಿತ ಹೆಂಡತಿ ಪೊಪ್ಪಿಯಾ, ಇನ್ನೊಂದರಲ್ಲಿ ದುಂಡನೆಯ ಗುಡಿಯೊಳಗೆ ನಿಂತ ಮಗಳು ಕ್ಲೌಡಿಯಾ. ಇಬ್ಬರ ಹೆಸರಿಗೂ ‘ದಿವಾ’, ಅಂದರೆ ದೈವತ್ವ ಪಡೆದವಳು, ಎಂಬ ಲ್ಯಾಟಿನ್ ಬಿರುದು ಅಂಟಿಕೊಂಡಿದೆ (ನಮ್ಮ ‘ದೇವ’ ಶಬ್ದದ ದೂರದ ನೆಂಟ).

ವಿಚಿತ್ರವೆಂದರೆ, ಕ್ರಿ.ಶ. 63ರ ಜನವರಿಯಲ್ಲಿ ಹುಟ್ಟಿದ ಈ ಕೂಸು ನಾಲ್ಕು ತಿಂಗಳು ತುಂಬುವ ಮೊದಲೇ ತೀರಿಕೊಂಡಿತ್ತು. ನಾಣ್ಯದಲ್ಲಿ ಮಾತ್ರ ಬೆಳೆದ ಹೆಂಗಸಾಗಿ ನಿಂತಿದೆ! ಪೊಪ್ಪಿಯಾ ಸತ್ತದ್ದು 65ರಲ್ಲಿ. ಬಸುರಿ ಹೆಂಡತಿಯನ್ನು ನೀರೋ ಸಿಟ್ಟಿನಲ್ಲಿ ಒದ್ದದ್ದೇ ಕಾರಣ ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಆಮೇಲೆ ಅವಳಿಗೆ ದೇವಿಯ ಪಟ್ಟ ಕಟ್ಟಿಸಿದವನೂ ನೀರೋನೇ.